ಹಾಸ್ಟೆಲ್ ಹುಡುಗರ ರಾತ್ರಿ ಮೊಬೈಲ್: ವೈಫೈ ಬಂದ್ ಮಾಡಿ ಆಗದ್ದು ಚಾರ್ಜಿಂಗ್ ಗೂಡಿನಿಂದ ಆಯಿತು

ರಾತ್ರಿ ಮೊಬೈಲ್ ಬಿಟ್ಟು ಮಲಗಲಿ ಎಂದು ಕಾರಿಡಾರಿನಲ್ಲಿ ಪ್ಲೈವುಡ್ಡಿನ ಚಾರ್ಜಿಂಗ್ ಗೂಡು ಮಾಡಿಸಿಟ್ಟರೆ ಹುಡುಗರು ಮೊಬೈಲ್ ತಂದಿಡುತ್ತಾರಾ ಎಂದು ಕೇಳದವರಿಲ್ಲ. ‘ಕಿತ್ತುಕೊಳ್ಳಿ, ಇಲ್ಲ ವೈಫೈ ಬಂದ್ ಮಾಡಿ’ ಎಂಬುದೇ ಎಲ್ಲರ ಸಲಹೆ. ಈಗ 4 ಸೆಮಿಸ್ಟರ್ ಕಳೆದಿದೆ. 120 ಹುಡುಗರ ನಮ್ಮ ಹಾಸ್ಟೆಲಿನಲ್ಲಿ ರಾತ್ರಿ 11ರ ಹೊತ್ತಿಗೆ 70ರ ಆಸುಪಾಸು ಫೋನು ಕಾರಿಡಾರಿನ ಗೂಡಿನಲ್ಲಿರುತ್ತವೆ. ಒಬ್ಬರಿಗೂ ಒತ್ತಾಯ ಮಾಡಿಲ್ಲ. ಬೇರೆ ಹಾಸ್ಟೆಲಿನ ವಾರ್ಡನ್‌ಗಳು, ಆಪ್ತಸಮಾಲೋಚಕರು ಬಂದು ಅಳತೆ ತೆಗೆದುಕೊಂಡು ಹೋಗುತ್ತಿದ್ದಾರೆ. ಅಳತೆಗಿಂತ ಮುಖ್ಯವಾದ ಸಂಗತಿಗಳು ಬೇರೆ ಇರುವುದರಿಂದ ಇದನ್ನು ಬರೆಯುತ್ತಿದ್ದೇವೆ.

ಮೊದಲು ಕೆಟ್ಟದ್ದರ ಲೆಕ್ಕ. ರೌಟರ್ ಬದಲಿಸಿ, ರಾತ್ರಿ 11ಕ್ಕೆ ತಾನೇ ಬಂದ್ ಆಗುವಂತೆ ಹೊಂದಿಸಲು 18 ಸಾವಿರದಷ್ಟು ಹೋಯಿತು. ಒಂದು ವಾರದಲ್ಲಿ ಅದರ ಪ್ರಯೋಜನ ಮುಗಿಯಿತು. ಕಾರಣ ಸರಳ: ದಿನಕ್ಕೆ 1.5 ಜಿಬಿ, 2 ಜಿಬಿ ಪ್ಯಾಕ್ ಹಾಕಿಸಿದವರಿಗೆ ಹೊಸ ಡೇಟಾ ಸಿಗುವುದೇ ರಾತ್ರಿ 12ಕ್ಕೆ. ಕೆಲವು ಪ್ಯಾಕ್‌ಗಳಲ್ಲಿ 12ರಿಂದ ಬೆಳಗ್ಗೆ 6ರವರೆಗೆ ಬಳಸಿದ್ದು ಲೆಕ್ಕಕ್ಕೇ ಬರುವುದಿಲ್ಲ. ಸಂಜೆಗೇ ಡೇಟಾ ಮುಗಿಸಿಕೊಂಡವನು 12 ಹೊಡೆಯಲಿ ಎಂದು ಎದ್ದೇ ಕೂತಿರುತ್ತಾನೆ. ಮೊದಲೆಲ್ಲ ವೈಫೈ ಇದ್ದಾಗ 11.30ಕ್ಕೆ ಮಲಗುತ್ತಿದ್ದ ಕೆಲವರು ವೈಫೈ ಬಂದ್ ಆದ ಮೇಲೆ 12ರವರೆಗೆ ಕಾಯುವುದು ಕಲಿತರು. ಹೀಗೆ ನಾವೇ ರಾತ್ರಿಯನ್ನು ಮುಂದಕ್ಕೆ ತಳ್ಳಿದಂತಾಯಿತು.

ಆಪ್ ಬ್ಲಾಕರ್‌ಗೆ ಕೊಟ್ಟ 9 ಸಾವಿರವೂ ನೀರಿಗೆ ಹೋಯಿತು. ಫೋನಿನಲ್ಲಿ ಎರಡನೇ ಪ್ರೊಫೈಲ್ ಮಾಡಿಕೊಂಡರೆ ಬ್ಲಾಕರ್‌ಗೆ ಏನೂ ಕಾಣುವುದಿಲ್ಲ. ಕಿತ್ತುಕೊಳ್ಳುವ ಪದ್ಧತಿಯ ಕಥೆ ನಿಮಗೆಲ್ಲ ಗೊತ್ತಿರುವುದೇ: ಡಿಸ್‌ಪ್ಲೇ ಒಡೆದ ಹಳೇ ಫೋನು ಕೌಂಟರಿಗೆ, ಒಳ್ಳೆಯದು ದಿಂಬಿನಡಿಗೆ. ಒತ್ತಾಯ ಇರುವಲ್ಲೆಲ್ಲ ಡಮ್ಮಿ ಫೋನು ಬಂದೇ ಬರುತ್ತದೆ.

ಗೂಡಿನ ವಿಚಾರ ಹೊಳೆದದ್ದು ಸಾಕೆಟ್ ಎಣಿಸಿದಾಗ. ಮೂವರ ರೂಮಿಗೆ ಇರುವುದು ಒಂದೇ ಸಾಕೆಟ್. ಅದಕ್ಕೆ ಎಕ್ಸ್‌ಟೆನ್ಷನ್ ಬಾಕ್ಸ್, ಅದರ ವೈರು ಮಂಚದವರೆಗೆ, ಫೋನು ಎದೆಯ ಮೇಲೆ. ಚಾರ್ಜಿಗೆ ಖಾತ್ರಿಯಾದ ಜಾಗ ಹೊರಗಡೆ ಸಿಕ್ಕರೆ ತಾವಾಗಿ ತರುತ್ತಾರೆ ಎಂಬುದು ನಮ್ಮ ಅಂದಾಜು. ಅಂದಾಜು ಸರಿಯಿತ್ತು, ಮೊದಲ ಗೂಡು ಮಾತ್ರ ಸರಿಯಿರಲಿಲ್ಲ. ಅದಕ್ಕೆ 10 ಪೋರ್ಟಿನ ಯುಎಸ್‌ಬಿ ಹಬ್ ಎರಡು ಹಾಕಿದ್ದೆವು. ಎಲ್ಲರೂ ಚುಚ್ಚಿದಾಗ ಕರೆಂಟ್ ಹಂಚಿಹೋಗಿ ಬೆಳಗ್ಗೆ ಫೋನು 60 ಪರ್ಸೆಂಟಿನಲ್ಲಿ ನಿಂತಿರುತ್ತಿತ್ತು. ನಾಲ್ಕನೇ ದಿನಕ್ಕೆ ಗೂಡು ಖಾಲಿ.

ಈಗಿನದು ಹೀಗಿದೆ. 12 ಎಂಎಂ ಪ್ಲೈವುಡ್, ಒಂದು ಗೂಡಿನಲ್ಲಿ 20 ಖಾನೆ, ಒಂದೊಂದು 4 ಇಂಚು ಅಗಲ, 7 ಇಂಚು ಆಳ. ಬಿಸಿ ಹೋಗಲಿ ಎಂದು ಹಿಂಬದಿ ಮುಚ್ಚಿಲ್ಲ. ಪ್ರತಿ ಖಾನೆಗೆ ಒಂದು ಸಾಕೆಟ್, ಚಾರ್ಜರ್ ಅವರವರದ್ದೇ. 20 ಚಾರ್ಜರ್ 33 ವ್ಯಾಟಿನವೇ ಇದ್ದರೂ 660 ವ್ಯಾಟ್, ಅಂದರೆ ಸುಮಾರು 3 ಆಂಪಿಯರ್. 6 ಆಂಪಿಯರ್ ಎಂಸಿಬಿ (ಲೋಡ್ ಹೆಚ್ಚಾದರೆ ತಾನೇ ಆಫ್ ಆಗುವ ಸ್ವಿಚ್) ಸಾಕು, ಅರ್ಥಿಂಗ್ ಬಿಡಬೇಡಿ. ಮುಂದೆ ಗ್ರಿಲ್ ಬಾಗಿಲು. ಬಡಗಿ ಕೂಲಿ ಸೇರಿ ಆರೂವರೆ ಸಾವಿರ, ವೈರಿಂಗಿಗೆ ನಾಲ್ಕೂವರೆ; ಗೂಡಿಗೆ 11 ಸಾವಿರದಂತೆ 4 ವಿಂಗಿಗೆ 44 ಸಾವಿರ. ಹಳೆ ವಿದ್ಯಾರ್ಥಿಗಳು ಅರ್ಧ ಕೊಟ್ಟರು. ರಾತ್ರಿ 11ರಿಂದ ಬೆಳಗ್ಗೆ 5.30ರವರೆಗೆ ಬಾಗಿಲು ಹಾಕಿರುತ್ತದೆ. ಬೀಗದ ಕೈ ವಾರ್ಡನ್ ಬಳಿ ಇಲ್ಲ, ಆ ವಿಂಗಿನ ಹುಡುಗನೊಬ್ಬನ ಬಳಿ ಇದೆ. ನಡುರಾತ್ರಿ ಕೇಳಿದರೆ ಅವನು ಕೊಡಲೇಬೇಕು, ಕಾರಣ ಕೇಳುವ ಹಾಗಿಲ್ಲ. ‘ಬೇಕಾದಾಗ ಸಿಗುತ್ತದೆ’ ಎನ್ನುವುದು ಗೊತ್ತಿದ್ದರೇನೇ ಇಡುತ್ತಾರೆ.

ಜಾಗದ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. ಆಫೀಸಿನ ಪಕ್ಕದಲ್ಲಿಟ್ಟಾಗ ಆರೇಳು ಫೋನು ಬಂದರೆ ಹೆಚ್ಚು. ಅದೇ ಗೂಡನ್ನು ನೀರಿನ ಫಿಲ್ಟರ್ ಪಕ್ಕಕ್ಕೆ ಸರಿಸಿದೆವು. ಮಲಗುವ ಮುಂಚೆ ಎಲ್ಲರೂ ಬಾಟಲಿ ಹಿಡಿದು ಅಲ್ಲಿಗೆ ಬರುತ್ತಾರೆ. ಬಾಟಲಿ ತುಂಬಲು ಅರ್ಧ ನಿಮಿಷ ಬೇಕು. ಒಂದು ಕೈಯಲ್ಲಿ ಬಾಟಲಿ ನಲ್ಲಿಗೆ ಹಿಡಿದು, ಇನ್ನೊಂದು ಕೈಯಲ್ಲಿ ಫೋನನ್ನು ಗೂಡಿಗೆ ಸೇರಿಸಿ, ಪಿನ್ ಚುಚ್ಚಿ, ಲೈಟು ಹತ್ತಿತಾ ಎಂದು ಬಗ್ಗಿ ನೋಡಿ ಹೋಗುತ್ತಾರೆ. ತಿಂಗಳೊಳಗೆ 20ರಲ್ಲಿ 15 ಖಾನೆ ತುಂಬಿತು.

‘ಬೆಳಗ್ಗೆ ಅಲಾರಾಂ ಯಾರು ಹೊಡೀತಾರೆ ಸರ್?’ ಎಂಬುದು ಪ್ರತಿಯೊಬ್ಬರ ಮೊದಲ ಪ್ರಶ್ನೆ. 40 ರೂಮಿಗೆ 150 ರೂಪಾಯಿಯ ಟೇಬಲ್ ಗಡಿಯಾರ ತಂದೆವು. ಟಿಕ್ ಟಿಕ್ ಸದ್ದಿಗೆ ನಿದ್ದೆ ಬರುತ್ತಿಲ್ಲ ಎಂಬ ದೂರು ಮೊದಲ ರಾತ್ರಿಯೇ ಬಂತು. ಸೆಲ್ ಸೋತ ಮೇಲೆ ಗಡಿಯಾರ ನಿಧಾನವಾಗಿ, ಒಂದು ರೂಮಿನ ಮೂವರೂ ಇಂಟರ್ನಲ್ಸ್ ಪರೀಕ್ಷೆ ತಪ್ಪಿಸಿಕೊಂಡರು. ಆ ಒಂದು ಬೆಳಗಿನಿಂದಾಗಿ ಆ ವಿಂಗಿನ ಗೂಡು ತಿಂಗಳು ಪೂರ್ತಿ ಖಾಲಿ ಇತ್ತು. ಮುಳ್ಳು ಸದ್ದಿಲ್ಲದೆ ಜಾರುವ ಗಡಿಯಾರ 240 ರೂಪಾಯಿಗೆ ಸಿಗುತ್ತದೆ, ಅದನ್ನೇ ತನ್ನಿ. ಸೆಲ್ ಮುಗಿಯಲಿ ಎಂದು ಕಾಯದೆ ಸೆಮಿಸ್ಟರಿಗೊಮ್ಮೆ ಬದಲಿಸಿ. ಇನ್ನು ತಂದೆತಾಯಿಯರ ಚಿಂತೆ: ರಾತ್ರಿ ಮನೆಯಲ್ಲಿ ಏನಾದರೂ ಆದರೆ? ವಿಂಗಿಗೊಂದು ಕೀಪ್ಯಾಡ್ ಫೋನು, 1,300 ರೂಪಾಯಿ ಚಿಲ್ಲರೆ, ನಂಬರು ಎಲ್ಲ ಮನೆಗಳಿಗೂ ಕೊಟ್ಟಾಯಿತು. ಹಗಲಿಡೀ ಸುಮ್ಮನಿರುವ ಆ ಫೋನು ಇಲ್ಲದಿದ್ದರೆ ಈ ಯೋಜನೆ ಮುಂದೆ ಹೋಗುತ್ತಲೇ ಇರಲಿಲ್ಲ.

ಇನ್ನು ಯಾರಿಗೆ ಎಷ್ಟು ತೊಂದರೆಯಿದೆ ಎಂದು ತಿಳಿಯಲು ತುಂಬಿಸುವ ಫಾರ್ಮ್‌ಗಳ ವಿಷಯ. ಗೂಗಲ್ ಫಾರ್ಮ್ ಕಳಿಸಿದಾಗ ಮಂಚದ ಮೇಲೆ ನಾಲ್ವರು ಒಟ್ಟಿಗೆ ಕೂತು ಒಂದೇ ಉತ್ತರ ತುಂಬಿದರು. ಆದ್ದರಿಂದ ಕಾಗದ, ಬೇರೆ ಬೇರೆ ಬೆಂಚು, ಸೆಮಿಸ್ಟರಿನ ಮೂರನೇ ವಾರ. ಜೆರಾಕ್ಸಿಗೆ 400 ರೂಪಾಯಿ ಸಾಕು. ಅಮೆರಿಕದ ಮನಶ್ಶಾಸ್ತ್ರಜ್ಞೆ ಕಿಂಬರ್ಲಿ ಯಂಗ್ ಅವರ 20 ಪ್ರಶ್ನೆಗಳ ಇಂಟರ್ನೆಟ್ ಅಡಿಕ್ಷನ್ ಟೆಸ್ಟ್ ಹಳೆಯದು, 1998ರ ಕಾಲದ್ದು. ಅದರಲ್ಲಿ ‘ಇಮೇಲ್ ನೋಡುತ್ತೀರಾ’ ಎಂಬ ಪ್ರಶ್ನೆಯಿದೆ, ಸಂಗಾತಿಯ ಸಾಮೀಪ್ಯದ ಪ್ರಶ್ನೆಯೂ ಇದೆ. ಮೊದಲನೆಯದಕ್ಕೆ ಎಲ್ಲರೂ ‘ಇಲ್ಲ’ ಎಂದು ಬರೆದು ಅಂಕ ಕಡಿಮೆ ಮಾಡಿಕೊಳ್ಳುತ್ತಾರೆ, ಎರಡನೆಯದಕ್ಕೆ ನಗುತ್ತಾರೆ. ಮೊದಲನೆಯದನ್ನು ವಾಟ್ಸಾಪ್, ಇನ್‌ಸ್ಟಾಗ್ರಾಂ ಎಂದೂ ಎರಡನೆಯದನ್ನು ಗೆಳೆಯರ ಒಡನಾಟ ಎಂದೂ ಓದಿಸಿದೆವು. ಹಾಗೆ ಬದಲಿಸಿದ ಮೇಲೆ 50 (ಆಗಾಗ ತೊಂದರೆ), 80 (ಗಂಭೀರ ತೊಂದರೆ) ಎಂಬ ಗಡಿಗಳನ್ನು ಗಟ್ಟಿಯಾಗಿ ಹಿಡಿಯಬಾರದು. ಅದೇ ಹುಡುಗನ ಹಿಂದಿನ ಅಂಕದ ಜೊತೆ ಹೋಲಿಸುವುದಕ್ಕಷ್ಟೇ ಅದು.

ಇದಕ್ಕಿಂತ ಕೆಲಸಕ್ಕೆ ಬರುವುದು ಪಿಎಚ್‌ಕ್ಯು-9, ಖಿನ್ನತೆಯ ಲಕ್ಷಣ ಕೇಳುವ ಒಂಬತ್ತು ಪ್ರಶ್ನೆಗಳ ಫಾರ್ಮ್. ಆದರೆ ಅಂಕ 10 ದಾಟಿದ ಕೂಡಲೇ ಖಿನ್ನತೆ ಎಂದು ಹೆದರಿಸಬೇಡಿ. ನಿದ್ದೆ, ಸುಸ್ತು, ಏಕಾಗ್ರತೆ, ಈ ಮೂರಕ್ಕೂ ಪ್ರಶ್ನೆಗಳಿವೆ, ಒಂದೊಂದಕ್ಕೆ 3 ಅಂಕದವರೆಗೆ. 3 ಗಂಟೆಗೆ ಮಲಗಿ 8ಕ್ಕೆ ಕ್ಲಾಸಿಗೆ ಓಡುವವನಿಗೆ ಅಲ್ಲೇ 9 ಅಂಕ ಬಂದುಬಿಡುತ್ತದೆ. ಆದ್ದರಿಂದ ಮೊದಲು ನಿದ್ದೆ ಸರಿಪಡಿಸಿ. ಬೆಳಗ್ಗೆ ಏಳುವುದು 6.30ಕ್ಕೆ ಕಡ್ಡಾಯ, ಭಾನುವಾರವೂ. ಮಧ್ಯಾಹ್ನ ಮಲಗಿದರೂ 20 ನಿಮಿಷದೊಳಗೆ ಏಳಬೇಕು. ಒಂದು ಕಾರ್ಡಿನಲ್ಲಿ ದಿನಕ್ಕೊಂದರಂತೆ 14 ಸಾಲು: ಫೋನು ಇಟ್ಟ ಹೊತ್ತು, ಮಲಗಿದ ಹೊತ್ತು, ಎದ್ದ ಹೊತ್ತು, ಹಗಲು ನಿದ್ದೆ. ಎರಡು ವಾರ ಬಿಟ್ಟು ಅದೇ ಫಾರ್ಮ್ ಮತ್ತೆ ತುಂಬಿಸಿ. ಅಂಕ ಇಳಿದರೆ ಅವನಿಗೆ ಬೇಕಿದ್ದದ್ದು ನಿದ್ದೆ. ನಿದ್ದೆ ಸರಿಯಾದರೂ ‘ಯಾವುದರಲ್ಲೂ ಆಸಕ್ತಿಯಿಲ್ಲ’, ‘ಮನಸ್ಸು ಕುಗ್ಗಿದೆ’ ಎಂಬ ಮೊದಲೆರಡು ಉತ್ತರ ಅಲ್ಲಾಡದಿದ್ದರೆ ಅವನನ್ನು ಡಾಕ್ಟರ ಬಳಿಗೆ ಕಳಿಸಿ. ಫೋನಿನಿಂದ ಮನಸ್ಸು ಕೆಟ್ಟಿತೋ, ಮನಸ್ಸು ಕೆಟ್ಟದ್ದರಿಂದ ಫೋನು ಹಿಡಿದನೋ ಎಂದು ವಾದ ಮಾಡುತ್ತ ಕೂರುವುದಕ್ಕಿಂತ ಈ ಎರಡು ವಾರ ಮೇಲು.

ಒಂದು ತಪ್ಪನ್ನು ನೀವು ಮಾಡಲೇಬಾರದು. ಮೊದಲ ಸಲ ಪಿಎಚ್‌ಕ್ಯು-9 ಅನ್ನು ಹೆಸರೇ ಇಲ್ಲದೆ ತುಂಬಿಸಿದ್ದೆವು. ಒಂಬತ್ತನೆಯ ಪ್ರಶ್ನೆ ಸಾಯುವ ಯೋಚನೆ ಬರುತ್ತದೆಯೇ ಎಂಬುದು. ಮೂರು ಹಾಳೆಗಳಲ್ಲಿ ಅದಕ್ಕೆ ಗುರುತು ಹಾಕಿತ್ತು, ಯಾರದೆಂದು ತಿಳಿಯಲು ದಾರಿಯೇ ಇರಲಿಲ್ಲ. ಆ ವಾರ 40 ರೂಮುಬಾಗಿಲನ್ನೂ ತಟ್ಟುವುದಲ್ಲದೆ ಬೇರೆ ಉಪಾಯವಿರಲಿಲ್ಲ. ಈಗ ಹಾಳೆಗೆ ಕೋಡ್ ನಂಬರು, ನಂಬರಿನ ಪಟ್ಟಿ ಆಪ್ತಸಮಾಲೋಚಕರ ಬೀರುವಿನಲ್ಲಿ. ಇದನ್ನು ತುಂಬುವ ಮುಂಚೆಯೇ ಹುಡುಗರಿಗೆ ಹೇಳಿರುತ್ತೇವೆ. ಒಂಬತ್ತಕ್ಕೆ ಸೊನ್ನೆ ಬಿಟ್ಟು ಏನೇ ಇದ್ದರೂ ಅದೇ ದಿನ ಭೇಟಿ, ಅಪಾಯ ಕಂಡರೆ ಒಬ್ಬನನ್ನೇ ಬಿಡುವಂತಿಲ್ಲ, ಡಾಕ್ಟರ ಬಳಿಗೆ ಜೊತೆಗೇ ಹೋಗಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಪ್ರತಿ ಗೂಡಿನ ಮೇಲೂ ಬರೆಸಿದ್ದೇವೆ. ಹಗಲು ರಾತ್ರಿ ಎನ್ನದೆ ಕನ್ನಡದಲ್ಲೇ ಮಾತಾಡಬಹುದು.

ರಾತ್ರಿ ಫೋನು ಹಿಡಿಯುವವರೆಲ್ಲ ಒಂದೇ ಥರ ಇಲ್ಲ. ಗೇಮ್ ಆಡುವವನಿಗೆ ಅವನ ಸ್ಕ್ವಾಡೇ (ಜೊತೆಗೆ ಆಡುವ ನಾಲ್ವರ ತಂಡ) ಗಡಿಯಾರ. ನಾಲ್ವರಲ್ಲಿ ಒಬ್ಬನನ್ನು ತಿದ್ದಲು ಹೋದರೆ ಉಳಿದ ಮೂವರು 11.30ಕ್ಕೆ ಬಂದು ಎಬ್ಬಿಸುತ್ತಾರೆ. ನಾಲ್ವರನ್ನೂ ಕೂರಿಸಿ ಆಟವನ್ನು ಸಂಜೆ 6ರಿಂದ 8ಕ್ಕೆ ಸರಿಸಿದರೆ ಒಪ್ಪುತ್ತಾರೆ. ಸ್ಕ್ವಾಡಿನವರು ಬೇರೆ ಊರಿನವರಾದರೆ ಇದು ನಡೆಯುವುದಿಲ್ಲ, ಅಂಥ ಆರೇಳು ಜನರ ವಿಷಯದಲ್ಲಿ ಇನ್ನೂ ಗೆದ್ದಿಲ್ಲ. ರೀಲ್ಸ್ ನೋಡುವವನು ಒಂಟಿ. ಅವನ ಬ್ಯಾಕ್‌ಲಾಗ್ (ಪಾಸಾಗದೆ ಉಳಿದ ವಿಷಯ) ಎಷ್ಟಿದೆ ಎಂದು ವಿಚಾರಿಸಿ. ನಾಳೆಯ ಹೆದರಿಕೆಗೆ ಇವತ್ತನ್ನು ಎಳೆಯುತ್ತಿರುತ್ತಾನೆ. ಮೂರನೆಯವನು ದುಡ್ಡು ಕಟ್ಟಿ ಆಡುವವನು. 2025ರ ಕಾಯ್ದೆಯಲ್ಲಿ ದುಡ್ಡಿನ ಆನ್‌ಲೈನ್ ಆಟಗಳು ನಿಷೇಧವಾದರೂ ಸಾಲದ ಆಪ್‌ಗಳ ಬಾಕಿ ಉಳಿದಿರುತ್ತದೆ. ಮೆಸ್ ಬಿಲ್ ಬಾಕಿ, 200-300ರ ಕೈಸಾಲ ಕಂಡರೆ ಅನುಮಾನಿಸಿ. ಇವನಿಗೆ ಗೂಡು ಸಾಲದು. ಬೆಂಗಳೂರಿಗೆ ಹೋಗಲು ಆಗುವವರನ್ನು ಮೊಬೈಲ್, ಇಂಟರ್ನೆಟ್ ಅತಿಬಳಕೆಗೆಂದೇ ಇರುವ ನಿಮ್ಹಾನ್ಸ್‌ನ ‘ಶಟ್’ ಕ್ಲಿನಿಕ್‌ಗೆ, ಉಳಿದವರನ್ನು ಜಿಲ್ಲಾಸ್ಪತ್ರೆಯ ಮನೋವೈದ್ಯರ ಬಳಿಗೆ ಕಳಿಸುತ್ತೇವೆ.

ನಡುವೆ ಮಾಡಿ ನೋಡಿದ್ದು ಕೆಲವಿವೆ. ಸ್ಕ್ರೀನನ್ನು ಕಪ್ಪುಬಿಳುಪು ಮಾಡಿಸಿದ್ದು ನಾಲ್ಕು ದಿನ ನಡೆಯಿತು. ಒಟ್ಟು ಸ್ಕ್ರೀನ್ ಟೈಮ್ ಬರೆಸಿದ್ದೂ ವ್ಯರ್ಥ, ಪಾಠದ ವಿಡಿಯೊ, ಪಿಡಿಎಫ್ ನೋಟ್ಸ್ ಎಲ್ಲ ಅದರಲ್ಲೇ ಸೇರುತ್ತವೆ. ಗಂಟೆವಾರು ಪಟ್ಟಿ ತೆಗೆದು ರಾತ್ರಿ 11ರಿಂದ 5ರದ್ದು ಮಾತ್ರ ನೋಡಿ. ಎಲ್ಲಕ್ಕಿಂತ ಅಗ್ಗದಲ್ಲಿ ಫಲ ಕೊಟ್ಟದ್ದು ಊಟದ ಹೊತ್ತು. 7.30ಕ್ಕೆ ಉಂಡವನಿಗೆ 11ಕ್ಕೆ ಹಸಿವು, ಹಸಿವಿಗೆ ನಿದ್ದೆಯಿಲ್ಲ, ನಿದ್ದೆಯಿಲ್ಲದ್ದಕ್ಕೆ ಫೋನು. ಊಟವನ್ನು 8.15ಕ್ಕೆ ತಳ್ಳಿ, 10 ಗಂಟೆಗೆ ಫಿಲ್ಟರ್ ಪಕ್ಕ ಒಂದು ಡಬ್ಬಿ ಒಗ್ಗರಣೆ ಮಂಡಕ್ಕಿ ಇಡಿಸಿದೆವು. ದಿನಕ್ಕೆ 250 ರೂಪಾಯಿ ಆಗಬಹುದು.

ಗೂಡಿನಲ್ಲಿ ಫೋನು ಇಡುವುದನ್ನು ಶುರು ಮಾಡಲು ಮೊದಲ ಎಂಟು ಹುಡುಗರನ್ನು ಹೇಗೆ ಆರಿಸಿದೆವು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಹುಡುಗರೂ ಓದುವ ಬರಹ ಇದು, ತಿಳಿದುಬಿಟ್ಟರೆ ಅದು ನಡೆಯುವುದಿಲ್ಲ. ಎದುರು ಕೂತು ಕೇಳಿದರೆ ಹೇಳುತ್ತೇವೆ.

ಶುರುವಾದ ಮೇಲೆ ಮೂರರಿಂದ ಐದನೇ ರಾತ್ರಿವರೆಗೆ ಸಿಡಿಮಿಡಿ ಇರುತ್ತದೆ, ಜಗಳ ಆದರೆ ಆ ದಿನಗಳಲ್ಲೇ ಆಗುವುದು. ಐಪಿಎಲ್ ಇರುವಾಗ ಗ್ರಿಲ್ ಹಾಕುವುದು 11.45ಕ್ಕೆ, ಮ್ಯಾಚು ಕಾಮನ್ ರೂಮಿನ ಟಿವಿಯಲ್ಲಿ. ರಜೆ ಮುಗಿಸಿ ಬಂದವರೆಲ್ಲ ಬೆಳಗಿನ ಜಾವ 3ರ ಅಭ್ಯಾಸ ಹೊತ್ತು ತರುತ್ತಾರೆ, ಹಳೇ ಲಯಕ್ಕೆ ಬರಲು 10 ದಿನ ಹಿಡಿಯುತ್ತದೆ. ಆ ವಾರ ಫಾರ್ಮ್ ತುಂಬಿಸಬೇಡಿ. ಅವರು ಬರುವ ಮುಂಚಿನ ಶನಿವಾರ ಎಂಸಿಬಿ ಆಫ್ ಮಾಡಿ ಆನ್ ಮಾಡಿ ನೋಡಿ, ಸಡಿಲವಾದ ಸಾಕೆಟ್ ಬಿಗಿ ಮಾಡಿಸಿ, ಗಡಿಯಾರಗಳಿಗೆ ಹೊಸ ಸೆಲ್ ಹಾಕಿಸಿಡಿ.