ಕೋವಿಡ್ ಬಗ್ಗೆ ಮನೆಯಲ್ಲಿ ಜಗಳ ಆಗದ ಹಾಗೆ ಮಾತಾಡುವುದು ಹೇಗೆ

ಕೋವಿಡ್ ಮಾತು ಬಂದರೆ ಇವತ್ತಿಗೂ ಒಂದೇ ಮನೆಯವರು ಎರಡು ಪಾರ್ಟಿ ಆಗಿಬಿಡುತ್ತಾರೆ. ನಮ್ಮನೆಯಲ್ಲೂ ಹಾಗೇ ಆಯಿತು. ಒಂದು ದಿನ ಚಿಕ್ಕಪ್ಪ ಮೊಬೈಲ್ ಮುಂದೆ ಹಿಡಿದು, "ನೋಡೋ, ಕೋವಿಡ್‌ನಲ್ಲಿ ಸತ್ತವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಲಸಿಕೆ ಹಾಕಿಸಿಕೊಂಡವರೇ ಅಂತೆ" ಅಂದರು. ನಾನು ಓದಲೂ ಇಲ್ಲ. "ಅದೆಲ್ಲ ಸುಳ್ಳು ಚಿಕ್ಕಪ್ಪ" ಅಂದುಬಿಟ್ಟೆ. ಅವರು ಮೊಬೈಲ್ ಜೇಬಿಗೆ ಹಾಕಿಕೊಂಡು ಎದ್ದು ಹೋದರು, ಆಮೇಲೆ ಎಷ್ಟೋ ತಿಂಗಳು ನನ್ನ ಹತ್ತಿರ ಆ ವಿಷಯ ಎತ್ತಲೇ ಇಲ್ಲ. ಆದರೆ ಅದು ಸುಳ್ಳಾಗಿರಲಿಲ್ಲ. 2021ರಲ್ಲಿ ಇಂಗ್ಲೆಂಡಿನ ಸರ್ಕಾರಿ ವರದಿಗಳಲ್ಲೇ ಅಂಥ ಲೆಕ್ಕ ಬಂದಿತ್ತು. ಸಂಖ್ಯೆ ಸರಿ ಇತ್ತು, ಅದರಿಂದ ಲಸಿಕೆ ಕೆಲಸ ಮಾಡಲ್ಲ ಅಂತ ತೆಗೆದ ಅರ್ಥ ತಪ್ಪಿತ್ತು.

ಅದಕ್ಕೇ ಮೊದಲ ಕೆಲಸ, "ಸುಳ್ಳು" ಅನ್ನುವ ಮಾತನ್ನು ಸ್ವಲ್ಪ ಹೊತ್ತು ತಡೆದುಕೊಳ್ಳಿ. ಪೂರ್ತಿ ಕೇಳಿ. ಎದುರಿಗಿರುವವರು ಕೇಳುತ್ತಿರುವುದು ಏನನ್ನು ಅಂತ ನೋಡಿ. ಲಸಿಕೆ ಕೆಲಸ ಮಾಡುತ್ತಾ ಅನ್ನುವುದು ಲೆಕ್ಕ ಹಾಕಿ ನೋಡಬಹುದಾದ ಪ್ರಶ್ನೆ. ಶಾಲೆ ಅಷ್ಟು ದಿನ ಮುಚ್ಚಬೇಕಿತ್ತಾ ಅನ್ನುವುದು ಬೇರೆ ಥರದ ಪ್ರಶ್ನೆ. "ನಮಗೆ ಯಾರೂ ನಿಜ ಹೇಳಲಿಲ್ಲ" ಅನ್ನುವುದು ಪ್ರಶ್ನೆಯೇ ಅಲ್ಲ, ಅದು ನೋವು. ಮೂರಕ್ಕೂ ಒಂದೇ ಉತ್ತರ ಕೊಡಲು ಹೋದಾಗಲೇ ಜಗಳ ಶುರುವಾಗುವುದು.

ಲೆಕ್ಕದ ಪ್ರಶ್ನೆಯಾದರೆ ಪೇಪರ್, ಪೆನ್ನು ತಗೊಳ್ಳಿ. ಬಾಯಲ್ಲಿ ಹೇಳಿದರೆ ಇದು ತಲೆಗೆ ಹೋಗುವುದಿಲ್ಲ, ಬರೆದೇ ತೋರಿಸಬೇಕು. 1000 ಜನ ವಯಸ್ಸಾದವರು ಇದ್ದಾರೆ ಅಂತ ಇಟ್ಟುಕೊಳ್ಳಿ. 900 ಜನ ಲಸಿಕೆ ಹಾಕಿಸಿಕೊಂಡಿದ್ದಾರೆ, 100 ಜನ ಹಾಕಿಸಿಕೊಂಡಿಲ್ಲ. ಹಾಕಿಸಿಕೊಂಡವರಲ್ಲಿ 9 ಜನ, ಹಾಕಿಸಿಕೊಳ್ಳದವರಲ್ಲಿ 5 ಜನ ತೀರಿಕೊಂಡರು ಅಂದುಕೊಳ್ಳಿ. ಒಟ್ಟು 14 ಸಾವು, ಅದರಲ್ಲಿ 9 ಲಸಿಕೆಯವರದು. ಅರ್ಧಕ್ಕಿಂತ ಜಾಸ್ತಿ, ಅಲ್ವಾ? ಈಗ ಕೆಳಗೆ ಇನ್ನೊಂದು ಸಾಲು ಬರೆಯಿರಿ. 900ರಲ್ಲಿ 9 ಅಂದರೆ ನೂರಕ್ಕೆ 1. ಈ ಕಡೆ ನೂರಕ್ಕೆ 5. ಇವು ನಾನು ಲೆಕ್ಕ ತೋರಿಸಲು ಹಾಕಿದ ಸಂಖ್ಯೆಗಳು ಅಷ್ಟೇ, ಆದರೆ ಆಗಿದ್ದು ಇದೇ ಥರ. ಹೆಚ್ಚು ಜನ ಲಸಿಕೆ ಹಾಕಿಸಿಕೊಂಡಷ್ಟೂ ಸತ್ತವರ ಪಟ್ಟಿಯಲ್ಲೂ ಅವರೇ ಜಾಸ್ತಿ ಕಾಣಿಸುತ್ತಾರೆ. ಯಾವ ಸಂಖ್ಯೆ ಬಂದರೂ "ಎಷ್ಟು ಜನರಲ್ಲಿ?" ಅಂತ ಕೇಳುವುದನ್ನು ರೂಢಿ ಮಾಡಿಕೊಳ್ಳಿ, ಅದೊಂದೇ ಪ್ರಶ್ನೆಗೆ ಅರ್ಧ ಗೊಂದಲ ಬಿಡಿಸಿಕೊಳ್ಳುತ್ತದೆ.

"ನಾನು ಆ ಮಾತ್ರೆ ತಗೊಂಡೆ, ವಾಸಿಯಾಯಿತು" ಅನ್ನುವವರು ಸಿಗುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಆದರೆ ಏನೂ ತಗೊಳ್ಳದೆ ಇದ್ದವರಲ್ಲೂ ಹೆಚ್ಚಿನವರು ವಾಸಿಯಾದರು. ಹಾಗಾದರೆ ಮಾತ್ರೆಯಿಂದ ಏನಾಯಿತು ಅಂತ ತಿಳಿಯಲು ಎಲ್ಲಕ್ಕಿಂತ ನಂಬಬಹುದಾದ ದಾರಿ ಒಂದಿದೆ, ಯಾರಿಗೆ ಕೊಡಬೇಕು ಯಾರಿಗೆ ಬೇಡ ಅನ್ನುವುದನ್ನು ಚೀಟಿ ಎತ್ತಿದ ಹಾಗೆ ಆರಿಸಿ, ಆಮೇಲೆ ಎರಡು ಗುಂಪನ್ನೂ ಹೋಲಿಸುವುದು. ಆಸ್ಪತ್ರೆ ಸೇರಿದ ಕೋವಿಡ್ ರೋಗಿಗಳಿಗೆ ಯಾವ ಔಷಧಿ ಉಪಯೋಗ ಅಂತ ನೋಡಿದ ಬ್ರಿಟನ್ನಿನ ರಿಕವರಿ ಅನ್ನುವ ಪ್ರಯೋಗದಲ್ಲಿ ಇದನ್ನೇ ಮಾಡಿದರು. 2020ರ ಜೂನ್‌ನಲ್ಲಿ ಅದರಿಂದ ಎರಡು ಉತ್ತರ ಬಂತು. ಆಸ್ಪತ್ರೆ ಸೇರಿದವರಿಗೆ ಹೈಡ್ರಾಕ್ಸಿಕ್ಲೋರೋಕ್ವಿನ್ ಅನ್ನುವ ಮಲೇರಿಯಾ ಮಾತ್ರೆಯಿಂದ ಉಪಯೋಗ ಆಗಲಿಲ್ಲ. ಡೆಕ್ಸಾಮೆಥಾಸೋನ್ ಅನ್ನುವ ಹಳೇ, ಅಗ್ಗದ ಸ್ಟೀರಾಯ್ಡ್ ವೆಂಟಿಲೇಟರ್‌ನಲ್ಲಿದ್ದವರ ಸಾವನ್ನು ಮೂರನೇ ಒಂದು ಭಾಗದಷ್ಟು ಕಡಿಮೆ ಮಾಡಿತು. ಅಗ್ಗದ ಔಷಧಿಯನ್ನು ಬೇಕಂತಲೇ ಮುಚ್ಚಿಟ್ಟರು ಅನ್ನುವವರಿಗೆ ಈ ಎರಡನೇ ಉತ್ತರ ಹೇಳಿ.

ಹಾಗಂತ ದೊಡ್ಡ ಹೆಸರು ನೋಡಿ ಕಣ್ಣು ಮುಚ್ಚಿ ನಂಬಬೇಕು ಅಂತಲ್ಲ. ಅದೇ ಹೈಡ್ರಾಕ್ಸಿಕ್ಲೋರೋಕ್ವಿನ್ ಅಪಾಯಕಾರಿ ಅಂತ 2020ರ ಮೇ ತಿಂಗಳಲ್ಲಿ ಲ್ಯಾನ್ಸೆಟ್ ಅನ್ನುವ ಹೆಸರಾಂತ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಲೇಖನವನ್ನು, ಅದರ ಹಿಂದಿನ ಮಾಹಿತಿ ಪರೀಕ್ಷೆಗೆ ಸಿಗಲಿಲ್ಲ ಅಂತ ಎರಡೇ ವಾರದಲ್ಲಿ ವಾಪಸ್ ತೆಗೆದುಕೊಳ್ಳಬೇಕಾಯಿತು. ಅನುಮಾನಪಟ್ಟು ಪ್ರಶ್ನೆ ಕೇಳಿದವರು ಇದ್ದಿದ್ದಕ್ಕೇ ಅದು ಹೊರಗೆ ಬಂತು.

ಇನ್ನು ನಿಮ್ಮ ಕಡೆಯ, ಅಂದರೆ ನೀವು ನಂಬಿದ ತಜ್ಞರು, ಸಂಸ್ಥೆಗಳು ಮಾಡಿದ ತಪ್ಪು ಒಪ್ಪಿಕೊಳ್ಳುವುದು. ಇದು ಕಷ್ಟ, ಆದರೆ ಇದಿಲ್ಲದೆ ಮಾತು ಮುಂದೆ ಹೋಗಲ್ಲ. ಕೋವಿಡ್ ಗಾಳಿಯಲ್ಲಿ ಹರಡುವುದಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಚ್‌ನಲ್ಲಿ ಖಡಾಖಂಡಿತವಾಗಿ ಹೇಳಿತ್ತು. ಆರೋಗ್ಯವಾಗಿರುವವರೆಲ್ಲ ಮಾಸ್ಕ್ ಹಾಕಬೇಕಿಲ್ಲ ಅಂತಲೂ ಹೇಳಿತ್ತು. ಜೂನ್‌ನಲ್ಲಿ ಮಾಸ್ಕ್ ಮಾತು ಬದಲಾಯಿತು, ಗಾಳಿಯ ವಿಷಯ ಸರಿಯಾಗಿ ಒಪ್ಪಿಕೊಳ್ಳಲು ಇನ್ನೂ ತುಂಬಾ ತಡವಾಯಿತು. ಅಷ್ಟು ದಿನ ನಾವೆಲ್ಲ ಬಾಗಿಲ ಹಿಡಿ ಒರೆಸುತ್ತಾ ಕೂತಿದ್ದೆವು, ಕಿಟಕಿ ತೆರೆಯಲಿಲ್ಲ. ಮುಚ್ಚಿದ ಕೋಣೆಯಲ್ಲಿ ಒಬ್ಬರು ಸಿಗರೇಟ್ ಸೇದಿದರೆ ಹೊಗೆ ಹೇಗೆ ಮೂಲೆಮೂಲೆಗೂ ಹೋಗುತ್ತದೋ, ಇದೂ ಹಾಗೇ. ಇದನ್ನು ಮೊದಲೇ ಬಿಡಿಸಿ ಹೇಳಿದ್ದರೆ ಎಷ್ಟೋ ಜನ ಉಳಿಯುತ್ತಿದ್ದರು ಅಂತ ನನಗೆ ಈಗಲೂ ಸಂಕಟವಾಗುತ್ತದೆ.

ಲಸಿಕೆ ಬಗ್ಗೆಯೂ ಅಷ್ಟೇ. ಫೈಜರ್ ಲಸಿಕೆಯ ಮೊದಲ ದೊಡ್ಡ ಪ್ರಯೋಗದಲ್ಲಿ ಕೋವಿಡ್ ಬಂದ 170 ಜನರಲ್ಲಿ 162 ಜನ ಸುಮ್ನೆ ಉಪ್ಪುನೀರಿನ ಚುಚ್ಚುಮದ್ದು ತಗೊಂಡವರು, 8 ಜನ ಮಾತ್ರ ಲಸಿಕೆಯವರು. ಅದನ್ನು ನೋಡಿ "ಹಾಕಿಸಿಕೊಂಡರೆ ಬರೋದೇ ಇಲ್ಲ" ಅಂತ ಎಷ್ಟೋ ಜನ ಸಾರಿದರು. 2021ರ ನವೆಂಬರ್‌ನಲ್ಲಿ ಓಮಿಕ್ರಾನ್ ಅನ್ನುವ ಹೊಸ ರೂಪದ ವೈರಸ್ ಬಂದ ಮೇಲೆ ಹಾಕಿಸಿಕೊಂಡವರಿಗೂ ಧಾರಾಳವಾಗಿ ಬಂತು. ಕಾಯಿಲೆ ಜೋರಾಗದ ಹಾಗೆ ಕಾಪಾಡುವ ಶಕ್ತಿ ಉಳಿದಿತ್ತು, ಹರಡುವುದನ್ನು ತಡೆಯುವ ಶಕ್ತಿ ಕುಗ್ಗಿತ್ತು. ಅಡ್ಡ ಪರಿಣಾಮಗಳೂ ನಿಜ. ಫೈಜರ್‌ನಂಥ ಎಂಆರ್‌ಎನ್‌ಎ ಲಸಿಕೆಯ ನಂತರ ಕೆಲವು ಯುವಕರಲ್ಲಿ ಹೃದಯದ ಸ್ನಾಯು ಊದಿಕೊಂಡಿತು, ಆಸ್ಟ್ರಾಜೆನೆಕಾ ಲಸಿಕೆಯ ನಂತರ ತೀರಾ ಅಪರೂಪಕ್ಕೆ ರಕ್ತ ಹೆಪ್ಪುಗಟ್ಟಿತು, ಕೆಲವು ದೇಶಗಳು ಅದನ್ನು ವಯಸ್ಸಾದವರಿಗೆ ಮಾತ್ರ ಕೊಡುವ ಹಾಗೆ ನಿಯಮ ಬದಲಿಸಿದವು. ಇದನ್ನು ಮುಚ್ಚಿಟ್ಟು ಮಾತಾಡಿದರೆ ನೀವು ಹೇಳುವ ಉಳಿದದ್ದನ್ನೂ ಯಾರೂ ನಂಬಲ್ಲ. ನಿಮ್ಮ ವಯಸ್ಸು, ನಿಮಗಿರುವ ಕಾಯಿಲೆ ನೋಡಿ ಏನು ಒಳ್ಳೇದು ಅನ್ನುವುದನ್ನು ಡಾಕ್ಟರ್ ಹತ್ತಿರ ಕೇಳಿ, ಫಾರ್ವರ್ಡ್ ಮೆಸೇಜ್ ಹತ್ತಿರ ಅಲ್ಲ.

ಶಾಲೆ, ಲಾಕ್‌ಡೌನ್ ವಾದಕ್ಕೆ ನಾನು ಜಾಸ್ತಿ ಹೋಗಲ್ಲ. 2020ರಲ್ಲಿ ಜಗತ್ತಿನಲ್ಲಿ 150 ಕೋಟಿಗೂ ಹೆಚ್ಚು ವಿದ್ಯಾರ್ಥಿಗಳ ಶಾಲೆ, ಕಾಲೇಜು ಮುಚ್ಚಿತ್ತು. ಯಾರ ಜೀವಕ್ಕೆ, ಯಾರ ಓದಿಗೆ, ಯಾರ ದುಡಿಮೆಗೆ ಎಷ್ಟು ಬೆಲೆ ಅನ್ನುವುದನ್ನು ಲ್ಯಾಬ್‌ನಲ್ಲಿ ಅಳೆಯಲು ಆಗಲ್ಲ. ಅಲ್ಲಿ ಇಬ್ಬರೂ ಬೇರೆ ಬೇರೆ ಹೇಳಿ ಎದ್ದರೂ ಪರವಾಗಿಲ್ಲ.

ನೋವಿನ ಮಾತು ಬಂದರೆ ಪೆನ್ನು ಕೆಳಗಿಡಿ. ಕೊನೆಯ ಸಲ ಮುಖ ನೋಡಲೂ ಬಿಡದೆ ತಮ್ಮವರನ್ನು ಕಳಿಸಿಕೊಟ್ಟವರಿಗೆ ನೂರಕ್ಕೆ ಎಷ್ಟು ಅನ್ನುವ ಲೆಕ್ಕ ಹೇಳಬೇಡಿ.

ಚಿಕ್ಕಪ್ಪನ ಹತ್ತಿರ ನಾನು ಮತ್ತೆ ಹೋದೆ. ಅವತ್ತು ಓದದೆ ಬೈದಿದ್ದು ತಪ್ಪಾಯಿತು ಅಂದೆ. ಆ 1000 ಜನರ ಲೆಕ್ಕ ಬರೆದು ತೋರಿಸಿದೆ. ಅವರು ಬೆರಳಿಟ್ಟು ಎರಡು ಸಲ ನೋಡಿದರು. ಆಮೇಲೆ, ಲಸಿಕೆ ಹಾಕಿಸಿಕೊಂಡ ಎರಡು ವಾರಕ್ಕೆ ತೀರಿಕೊಂಡ ತಮ್ಮ ಸ್ನೇಹಿತರ ಬಗ್ಗೆ ಹೇಳಿದರು. ಅಷ್ಟು ದಿನ ಅದನ್ನು ಯಾರಿಗೂ ಹೇಳಿರಲಿಲ್ಲ. "ಅವನು ಅದರಿಂದಲೇ ಹೋದನಾ?" ಅಂತ ಕೇಳಿದರು. ಈ ಪೇಪರ್‌ನಲ್ಲಿ ಅದು ಗೊತ್ತಾಗಲ್ಲ ಚಿಕ್ಕಪ್ಪ, ನೋಡಿದ ಡಾಕ್ಟರನ್ನೇ ಕೇಳಬೇಕಿತ್ತು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಆ ಹಾಳೆ ಮಡಚಿ ಜೇಬಿಗೆ ಹಾಕಿಕೊಂಡು, ಆ ಸ್ನೇಹಿತರ ಬಗ್ಗೆ ಇನ್ನೂ ಒಂದು ಗಂಟೆ ಮಾತಾಡಿದರು.