ದ್ರಾಕ್ಷಿ ರಸಕ್ಕೂ ಹೆಪ್ಪು ಬೇಕು

ನಾನು ವೈನ್ ಮಾಡುವುದು ಇಟಲಿಯ ಆವೊಸ್ತಾ ಕಣಿವೆಯ ಮೊರ್ಜೆ ಊರಿನಲ್ಲಿ, ಮಾಂಟ್ ಬ್ಲಾಂಕ್ ಪರ್ವತದ ಬುಡದಲ್ಲಿ. ಇಲ್ಲಿ 900ರಿಂದ 1200 ಮೀಟರ್ ಎತ್ತರದಲ್ಲಿ ಪ್ರಿಯೆ ಬ್ಲಾಂ ಅನ್ನೋ ಬಿಳಿ ದ್ರಾಕ್ಷಿ ಬೆಳೆಯುತ್ತದೆ. ಬೇರು ತಿನ್ನುವ ಫಿಲಾಕ್ಸೆರಾ ಹೇನು ಈ ಚಳಿಗೆ ಇಲ್ಲಿ ನೆಲೆ ನಿಲ್ಲಲೇ ಇಲ್ಲ, ಹಾಗಾಗಿ ಬಳ್ಳಿಗಳಿಗೆ ಕಸಿ ಇಲ್ಲ, ಸ್ವಂತ ಬೇರು. ಚಪ್ಪರ ಸೊಂಟದೆತ್ತರ ಅಷ್ಟೇ. ಹಗಲು ಕಾದ ನೆಲದ ಬಿಸಿ ರಾತ್ರಿ ಗೊಂಚಲಿಗೆ ತಾಗಲಿ ಅಂತ.

ನಮ್ಮನೆಯದು ಶಿರಸಿ ಕಡೆ ಅಡಿಕೆ ತೋಟ. ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಕಲಸಿ ಬೋರ್ಡೋ ಹೊಡೆಯುವುದು ನೋಡುತ್ತಲೇ ಬೆಳೆದವನು. ಆ ಬೋರ್ಡೋ ಹುಟ್ಟಿದ್ದೇ ದ್ರಾಕ್ಷಿಗಾಗಿ. ಇಲ್ಲಿಯ ಸಾವಯವ ನಿಯಮದಲ್ಲಿ ಹೆಕ್ಟೇರಿಗೆ 7 ವರ್ಷಕ್ಕೆ 28 ಕಿಲೋ ತಾಮ್ರ (ಮೈಲುತುತ್ತದಲ್ಲಿ ಇರುವುದು ಅದೇ), ಅಷ್ಟೇ. ನಾನು ಇನ್ನೂ ಕಡಿಮೆ ಹೊಡೆಯುತ್ತೇನೆ, ಕೊಯ್ಲಿಗೆ ಬಹಳ ಮೊದಲೇ ನಿಲ್ಲಿಸುತ್ತೇನೆ. ಸಿಪ್ಪೆ ಮೇಲೆ ತಾಮ್ರ ಉಳಿದರೆ ರಸ ಹುದುಗಿಸುವ ಯೀಸ್ಟ್‌ಗೂ ಏಟು ಬೀಳುತ್ತದೆ.

ಮೊದಲ ವರ್ಷ ರಸ ಹಿಂಡಿ 9 ಡಿಗ್ರಿಯ ನೆಲಮಾಳಿಗೆಯಲ್ಲಿ ಸುಮ್ನೆ ಇಟ್ಟೆ. ತಾನಾಗೇ ಹುದುಗುತ್ತೆ ಅಂದುಕೊಂಡಿದ್ದೆ. ಐದು ದಿನ ಒಂದು ಗುಳ್ಳೆಯೂ ಇಲ್ಲ. ಆಮೇಲೆ ನೇಲ್ ಪಾಲಿಶ್ ವಾಸನೆ. ನೂರು ಲೀಟರ್ ಚೆಲ್ಲಿದೆ, ಆ ರಾತ್ರಿ ಊಟ ಸೇರಲಿಲ್ಲ.

ಈಗ ಕೊಯ್ಲಿಗೆ ಆರು ದಿನ ಮೊದಲು 15 ಕಿಲೋ ಒಳ್ಳೆ ಗೊಂಚಲು ಆರಿಸಿ, ಕೈಯಲ್ಲೇ ಹಿಸುಕಿ, ಅಡುಗೆಮನೆ ಮೂಲೆಯಲ್ಲಿ ಇಡುತ್ತೇನೆ. ದಿನಕ್ಕೆರಡು ಸಲ ಕದಡುತ್ತೇನೆ. ಮೂರನೇ ದಿನ ಪಾತ್ರೆಗೆ ಕಿವಿ ಕೊಟ್ಟರೆ ಸಣ್ಣಗೆ ಚರಚರ ಸದ್ದು, ನೊರೆಯಲ್ಲಿ ಸೇಬಿನ ಪರಿಮಳ. ಇದೇ ಹೆಪ್ಪು. ಮೊಸರಿನ ಹಾಗೇ, ಹೆಪ್ಪು ಹುಳಿ ವಾಸನೆ ಬಂದರೆ ಬಿಸಾಡಬೇಕು, ಕನಿಕರ ಬೇಡ.

ಹೆಪ್ಪನ್ನು ನೇರ ತಣ್ಣನೆ ರಸಕ್ಕೆ ಸುರಿದರೆ ಮುದುಡಿಕೊಳ್ಳುತ್ತದೆ. ಅದಕ್ಕೇ ಮೊದಲು ಗಂಟೆಗೊಂದು ಲೀಟರಿನಂತೆ ತಣ್ಣನೆ ರಸವನ್ನೇ ಹೆಪ್ಪಿಗೆ ಕುಡಿಸುತ್ತೇನೆ, ಎರಡೂ ಹೆಚ್ಚುಕಮ್ಮಿ ಒಂದೇ ತಂಪಿಗೆ ಬಂದ ಮೇಲೆ ದೊಡ್ಡ ತೊಟ್ಟಿಗೆ. 300 ಲೀಟರಿಗೆ ಹತ್ತು ಲೀಟರ್ ಹೆಪ್ಪು ಸಾಕು. ತೊಟ್ಟಿ 12 ಡಿಗ್ರಿಗಿಂತ ಕೆಳಗಿಳಿದರೆ ಕಂಬಳಿ ಸುತ್ತುತ್ತೇನೆ. ಐದು ವಾರ ಹಿಡಿಯುತ್ತದೆ, ಅವಸರ ಮಾಡಲ್ಲ.

ವೈನ್ ಕೆಡದಿರಲಿ ಅಂತ ಗಂಧಕ ಹಾಕುವುದು ಬಾಟ್ಲಿ ತುಂಬುವಾಗ ಮಾತ್ರ. ಸಾವಯವ ಬಿಳಿ ವೈನಿಗೆ ಲೀಟರಿಗೆ 150 ಮಿಲಿಗ್ರಾಂವರೆಗೆ ಅವಕಾಶವಿದೆ, ನಾನು 60 ದಾಟಿಸಲ್ಲ. ಜನವರಿ ಚಳಿಗೆ ತೊಟ್ಟಿಯ ಗೋಡೆಗೆ ಸಕ್ಕರೆಯಂಥ ಹರಳು ಕಟ್ಟುತ್ತದೆ. ನಾಲಿಗೆಗೆ ಇಟ್ಟರೆ ಹುಳಿ. ಅದು ಕಟ್ಟಿದ ಮೇಲೇ ವೈನನ್ನು ತಿಳಿ ಬಸಿಯುವುದು.