ಪರೀಕ್ಷೆ ಮುಂದಕ್ಕೆ ಹೋದಾಗ: ವೃತ್ತಿ ಪ್ರಮಾಣಪತ್ರ ನೀಡುವ ಸಂಘಗಳ ಜಿಲ್ಲಾ ಶಾಖೆಗೊಂದು ಕೈಪಿಡಿ

ವೃತ್ತಿ ಪ್ರಮಾಣಪತ್ರ ನೀಡುವ ಸಂಘಕ್ಕಿರುವ ನಿಜವಾದ ಆಸ್ತಿಯೆಂದರೆ ಆ ಪ್ರಮಾಣಪತ್ರದ ಮೇಲೆ ಹೊರಗಿನವರು ಇಟ್ಟಿರುವ ನಂಬಿಕೆ. 2020ರ ಮಾರ್ಚ್ 25ರಂದು ದೇಶವ್ಯಾಪಿ ಲಾಕ್‌ಡೌನ್ ಜಾರಿಯಾದಾಗ ಇಂಥ ಸಂಘಗಳು ಇಕ್ಕಟ್ಟಿಗೆ ಸಿಕ್ಕಿದವು. ಪರೀಕ್ಷೆ ನಡೆಸುವಂತಿರಲಿಲ್ಲ, ನಡೆಸದೆ ಯಾರನ್ನೂ ತೇರ್ಗಡೆ ಮಾಡುವಂತೆಯೂ ಇರಲಿಲ್ಲ. ಅಂದಿನ ಅನುಭವದ ಆಧಾರದ ಮೇಲೆ, ತುಮಕೂರಿನಂಥ ಜಿಲ್ಲಾ ಕೇಂದ್ರದಲ್ಲಿರುವ ಶಾಖೆಯ ಪದಾಧಿಕಾರಿಗಳು ಮುಂದಿನ ತುರ್ತು ಸಂದರ್ಭಕ್ಕಾಗಿ ಈಗಲೇ ಏನೇನು ಸಿದ್ಧಪಡಿಸಿಕೊಳ್ಳಬೇಕೆಂಬುದನ್ನು ಇಲ್ಲಿ ವಿವರಿಸಲಾಗಿದೆ. ದಿನಾಂಕ, ಸ್ಥಳ, ಶುಲ್ಕ ಇವುಗಳನ್ನು ಎಷ್ಟು ಬೇಕಾದರೂ ಸಡಿಲಿಸಿ, ಆದರೆ ಪರೀಕ್ಷೆಯ ಮಟ್ಟ ಮತ್ತು ಅಭ್ಯರ್ಥಿಯ ಗುರುತಿನ ಪರಿಶೀಲನೆಯನ್ನು ಮಾತ್ರ ಸಡಿಲಿಸಬೇಡಿ ಎಂಬುದೇ ಮುಂದಿನ ಎಲ್ಲ ಸೂಚನೆಗಳ ಆಧಾರ.

ಮೊದಲು ಸಿದ್ಧವಾಗಬೇಕಾದದ್ದು ಮುಂದೂಡಿಕೆಯ ಪ್ರಕಟಣೆ. ಭಾರತೀಯ ಲೆಕ್ಕಪರಿಶೋಧಕರ ಸಂಸ್ಥೆಯು 2020ರ ಮೇ ತಿಂಗಳ ಸಿ.ಎ. ಪರೀಕ್ಷೆಯನ್ನು ಮೊದಲು ಜೂನ್ 19ಕ್ಕೆ, ಆಮೇಲೆ ಜುಲೈ 29ಕ್ಕೆ ಮುಂದೂಡಿತು. ಕೊನೆಗೆ ಜುಲೈ 3ರಂದು ಅದನ್ನು ಕೈಬಿಟ್ಟು ನವೆಂಬರ್ ಪರೀಕ್ಷೆಯೊಂದಿಗೆ ಸೇರಿಸಿತು. ಆ ನವೆಂಬರ್ ಪರೀಕ್ಷೆಯೂ 21ರಂದು ಆರಂಭವಾಗಿ ಡಿಸೆಂಬರ್ 14ರವರೆಗೆ ನಡೆಯಿತು. ದಿನಾಂಕ ಗೊತ್ತುಮಾಡುವುದು ಕೇಂದ್ರ ಕಚೇರಿಯ ಕೆಲಸವಾದರೂ ಫೋನು ಬರುವುದು ಶಾಖೆಗೆ. ಹಾಗಾಗಿ ಹೀಗೊಂದು ಒಕ್ಕಣೆಯನ್ನು ಮೊದಲೇ ಬರೆದಿಟ್ಟುಕೊಳ್ಳಿ: ‘ಪರೀಕ್ಷೆಯನ್ನು ಮುಂದೂಡಲಾಗಿದೆ. ಹೊಸ ದಿನಾಂಕದ ಬಗ್ಗೆ ಇಂಥ ತಾರೀಖಿನಂದು ತಿಳಿಸಲಾಗುವುದು. ಕಟ್ಟಿದ ಶುಲ್ಕವು ಮುಂದಿನ ಪರೀಕ್ಷೆಗೆ ತಾನಾಗಿಯೇ ಅನ್ವಯವಾಗುತ್ತದೆ, ಮತ್ತೆ ಅರ್ಜಿ ಹಾಕಬೇಕಿಲ್ಲ.’ ಶುಲ್ಕದ ಮಾತು ಕೇಂದ್ರ ಕಚೇರಿಯಿಂದ ಖಚಿತವಾದ ಮೇಲಷ್ಟೇ ಅದನ್ನು ಸೇರಿಸಬೇಕು. ಎರಡನೆಯ ವಾಕ್ಯದಲ್ಲಿ ತಾರೀಖು ಇರಲೇಬೇಕು. ‘ಶೀಘ್ರದಲ್ಲೇ ತಿಳಿಸಲಾಗುವುದು’ ಎಂದು ಬರೆದರೆ ಮರುದಿನ ಬೆಳಿಗ್ಗೆಯಿಂದಲೇ ಅದೇ ಪ್ರಶ್ನೆಗೆ ಉತ್ತರ ಹೇಳುತ್ತ ಕೂರಬೇಕಾಗುತ್ತದೆ.

ಎರಡನೆಯದು ಪರೀಕ್ಷೆಯಿಂದ ಹಿಂದೆ ಸರಿಯುವ ಅವಕಾಶ. 2021ರ ಜುಲೈ 5ರಿಂದ ಆರಂಭವಾಗಬೇಕಿದ್ದ ಸಿ.ಎ. ಪರೀಕ್ಷೆಯ ವಿಚಾರ ಸುಪ್ರೀಂ ಕೋರ್ಟಿಗೆ ಹೋಯಿತು. ಅಭ್ಯರ್ಥಿಗೆ ಅಥವಾ ಮನೆಯವರಿಗೆ ಕೋವಿಡ್ ತಗುಲಿದ್ದರೆ ಆರ್‌ಟಿ-ಪಿಸಿಆರ್ ವರದಿಯನ್ನು ಕಡ್ಡಾಯ ಮಾಡದೆ, ನೋಂದಾಯಿತ ವೈದ್ಯರ ಪ್ರಮಾಣಪತ್ರದ ಮೇಲೆಯೇ ಹಿಂದೆ ಸರಿಯಲು ಬಿಡಬೇಕೆಂದೂ ಅದನ್ನು ಒಂದು ಪ್ರಯತ್ನವೆಂದು ಎಣಿಸಬಾರದೆಂದೂ ನ್ಯಾಯಾಲಯವು ಜೂನ್ 30ರಂದು ಹೇಳಿತು. ಪರೀಕ್ಷೆಗೆ ಐದೇ ದಿನ ಇರುವಾಗ ಬಂದ ಸ್ಪಷ್ಟನೆ ಅದು. ನಿಮ್ಮ ಸಂಘ ತಾನೇ ನಡೆಸುವ ಪರೀಕ್ಷೆಗಳಿಗಾದರೂ ಈ ನಿಯಮವನ್ನು ಕೈಪಿಡಿಯಲ್ಲಿ ಸೇರಿಸಿ. ಯಾವ ದಾಖಲೆ ಸಾಕು, ಯಾರಿಗೆ ಕೊಡಬೇಕು, ಎಷ್ಟು ದಿನದೊಳಗೆ ಕೊಡಬೇಕು ಎಂಬ ಮೂರೂ ಅದರಲ್ಲಿರಲಿ.

ಹೆಚ್ಚು ತಯಾರಿ ಬೇಕಾಗುವುದು ಮನೆಯಿಂದ ಬರೆಯುವ ಪರೀಕ್ಷೆಗೆ. ಕಂಪನಿ ಕಾರ್ಯದರ್ಶಿಗಳ ಸಂಸ್ಥೆಯು ತನ್ನ ಪ್ರವೇಶ ಪರೀಕ್ಷೆಯಾದ ಸಿಎಸ್‌ಇಇಟಿಯನ್ನು 2020ರ ಆಗಸ್ಟ್ 29ರಂದು ಅಭ್ಯರ್ಥಿಗಳು ತಮ್ಮ ಮನೆಯಲ್ಲೇ ಕುಳಿತು, ಕ್ಯಾಮೆರಾದ ಮೂಲಕ ದೂರದ ಮೇಲ್ವಿಚಾರಣೆಯಲ್ಲಿ ಬರೆಯುವಂತೆ ನಡೆಸಿತು. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿರುವವರಿಗೆ ಇದು ಸಲೀಸು. ಜಿಲ್ಲಾ ಕೇಂದ್ರದಿಂದ ಸುಮಾರು ನೂರು ಕಿಲೋಮೀಟರ್ ದೂರದಲ್ಲಿದ್ದು, ಬಹುಪಾಲು ಆಂಧ್ರಪ್ರದೇಶದಿಂದಲೇ ಸುತ್ತುವರಿದಿರುವ ಪಾವಗಡ ತಾಲ್ಲೂಕಿನ ಅಭ್ಯರ್ಥಿಯ ಮಾತೇ ಬೇರೆ. ಗಡಿಯಲ್ಲಿ ತಪಾಸಣೆ ಬಿಗಿಯಾದರೆ ಆತ ತುಮಕೂರಿಗೆ ಬರುವುದು ಕಷ್ಟ, ಊರಿನಲ್ಲೇ ಉಳಿದರೆ ಕರೆಂಟು ಮತ್ತು ನೆಟ್‌ವರ್ಕಿನ ಚಿಂತೆ.

ಅಂಥವರಿಗಾಗಿ ಪರೀಕ್ಷೆಗೆ ಒಂದು ವಾರ ಮೊದಲು, ಪರೀಕ್ಷೆ ನಡೆಯುವ ಹೊತ್ತಿನಲ್ಲೇ, ಒಂದು ಅಣಕು ಪರೀಕ್ಷೆ ನಡೆಸಿ. ಮಧ್ಯಾಹ್ನ ಎರಡಕ್ಕೆ ಪರೀಕ್ಷೆಯಿದ್ದರೆ ರಾತ್ರಿ ಒಂಬತ್ತಕ್ಕೆ ನೆಟ್‌ವರ್ಕ್ ನೋಡಿ ಪ್ರಯೋಜನವಿಲ್ಲ. ಲ್ಯಾಪ್‌ಟಾಪ್ ಎತ್ತಿಕೊಂಡು ಕೋಣೆಯ ನಾಲ್ಕೂ ಗೋಡೆ, ಮೇಜಿನ ಕೆಳಭಾಗ, ಬಾಗಿಲು ಎಲ್ಲವನ್ನೂ ಕ್ಯಾಮೆರಾಗೆ ತೋರಿಸುವ ಅಭ್ಯಾಸ ಮಾಡಿಸಿ. ಗೋಡೆಯ ಕ್ಯಾಲೆಂಡರನ್ನೂ ಅಂಟಿಸಿದ ಸೂತ್ರಗಳ ಹಾಳೆಯನ್ನೂ ತೆಗೆದಿಡಲು ಹೇಳಿ. ನಡುಮನೆಯಲ್ಲಿ ಕೂತವರ ಹಿಂದೆ ಅಜ್ಜಿ ನೀರಿಗೆಂದು ಹಾದುಹೋದರೂ ಕೋಣೆಯಲ್ಲಿ ಇನ್ನೊಬ್ಬರಿದ್ದಾರೆಂಬ ಎಚ್ಚರಿಕೆ ಪರದೆಯ ಮೇಲೆ ಬರಬಹುದು. ಆದ್ದರಿಂದ ಮನೆಯವರಿಗೂ ಮೊದಲೇ ತಿಳಿಸುವುದು ಒಳ್ಳೆಯದು. ಡೆಸ್ಕ್‌ಟಾಪ್ ಬಳಸುವವರಿಗೆ ಯುಪಿಎಸ್ ಬೇಕೇ ಬೇಕು, ಮತ್ತು ಹಾಟ್‌ಸ್ಪಾಟಿಗಾಗಿ ಬೇರೆ ಕಂಪನಿಯ ಸಿಮ್ ಇರುವ ಇನ್ನೊಂದು ಫೋನು ಚಾರ್ಜ್ ಆಗಿರಬೇಕು. ಇಷ್ಟೂ ಇಲ್ಲದವರಿಗಾಗಿ ಶಾಖೆಯ ಕಚೇರಿಯಲ್ಲೋ ತಾಲ್ಲೂಕಿನ ಸದಸ್ಯರೊಬ್ಬರ ಕಚೇರಿಯಲ್ಲೋ ಒಂದು ಕೋಣೆಯನ್ನು ಕಾದಿರಿಸಿ, ಅಲ್ಲಿ ಬರೆಯಬಹುದೇ ಎಂದು ಕೇಂದ್ರ ಕಚೇರಿಯಿಂದ ಬರವಣಿಗೆಯಲ್ಲಿ ಅನುಮತಿ ಪಡೆಯಿರಿ.

ಹೆಸರಿನ ಗೊಂದಲ ನಮ್ಮ ಕಡೆ ಬಲು ಸಾಮಾನ್ಯ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಮಾತ್ರ ಇರುತ್ತದೆ, ಆಧಾರ್ ಕಾರ್ಡಿನಲ್ಲಿ ಊರು ಅಥವಾ ತಂದೆಯ ಹೆಸರು ಪೂರ್ತಿಯಾಗಿರುತ್ತದೆ. ಪರೀಕ್ಷಾ ಕೇಂದ್ರದಲ್ಲಾದರೆ ಮೇಲ್ವಿಚಾರಕರು ಅಭ್ಯರ್ಥಿಯ ಮುಖ ನೋಡಿ, ಎರಡು ಮಾತು ಕೇಳಿ ತೀರ್ಮಾನಿಸುತ್ತಾರೆ. ಆನ್‌ಲೈನ್ ವ್ಯವಸ್ಥೆಯಲ್ಲಿ ಆ ಸೌಲಭ್ಯವಿಲ್ಲದಿರಬಹುದು. ಆದ್ದರಿಂದ ನೋಂದಣಿಯ ಹೊತ್ತಿನಲ್ಲೇ ಎರಡು ದಾಖಲೆಗಳನ್ನು ಅಕ್ಕಪಕ್ಕ ಇಟ್ಟು ನೋಡಿ, ವ್ಯತ್ಯಾಸವಿದ್ದರೆ ಆಗಲೇ ಸರಿಪಡಿಸಿಕೊಳ್ಳಲು ಹೇಳಿ.

ಸಭೆಗಳ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯವು 2020ರ ಮೇ 5ರ ಸುತ್ತೋಲೆಯಲ್ಲಿ ವಾರ್ಷಿಕ ಸಾಮಾನ್ಯ ಸಭೆಯನ್ನು ವಿಡಿಯೊ ಮೂಲಕ ನಡೆಸಲು ಅನುಮತಿ ನೀಡಿದ್ದು ಕಂಪನಿಗಳಿಗೆ. ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರ ಅಡಿ ನೋಂದಣಿಯಾದ ಸಂಘವು ಆ ಸುತ್ತೋಲೆಯನ್ನು ನೆಚ್ಚಿಕೊಂಡು ಕೂರಬಾರದು. ವಿಡಿಯೊ ಸಭೆ, ಅದರ ಕೋರಂ (ಸಭೆಗೆ ಬೇಕಾದ ಕನಿಷ್ಠ ಹಾಜರಿ) ಎಣಿಕೆ, ಮತ ಹಾಕುವ ಕ್ರಮ ಇವುಗಳನ್ನು ಬೈಲಾದಲ್ಲಿ ಸೇರಿಸುವ ತಿದ್ದುಪಡಿಯನ್ನು, ವಕೀಲರಿಗೆ ಒಮ್ಮೆ ತೋರಿಸಿ, ಎಲ್ಲರೂ ಎದುರುಬದುರು ಕೂರಲು ಸಾಧ್ಯವಿರುವ ಈ ದಿನಗಳಲ್ಲೇ ಅಂಗೀಕರಿಸಿಬಿಡಿ.

ಸದಸ್ಯರು ವೃತ್ತಿಯಲ್ಲಿದ್ದುಕೊಂಡೇ ಪೂರೈಸಬೇಕಾದ ಮುಂದುವರಿದ ಶಿಕ್ಷಣದ ಗಂಟೆಗಳನ್ನು ವೆಬಿನಾರಿನಲ್ಲಿ ಲೆಕ್ಕಕ್ಕೆ ಹಿಡಿಯುವುದಾದರೆ, ಲಾಗಿನ್ ಆಗಿ ಕ್ಯಾಮೆರಾ ಮುಚ್ಚಿಟ್ಟು ಬೇರೆ ಕೆಲಸಕ್ಕೆ ಹೋದವರಿಗೂ ಪೂರ್ತಿ ಗಂಟೆ ಸಿಗದಂತೆ ನಡುನಡುವೆ ಒಂದೆರಡು ಪ್ರಶ್ನೆ ಕೇಳುವ ಏರ್ಪಾಡು ಮಾಡಿ. ಇನ್ನು ಹಣದ ವಿಚಾರ: ನವೀಕರಣ ಶುಲ್ಕಕ್ಕೆ ಗಡುವು ವಿಸ್ತರಿಸಿ, ದಂಡ ಬಿಟ್ಟುಬಿಡಿ, ಆದರೆ ಶುಲ್ಕವನ್ನೇ ಮನ್ನಾ ಮಾಡುವ ಮುನ್ನ ಖಜಾಂಚಿಯಿಂದ ಕಚೇರಿಯ ಬಾಡಿಗೆ ಮತ್ತು ಸಿಬ್ಬಂದಿಯ ಆರು ತಿಂಗಳ ಸಂಬಳದ ಲೆಕ್ಕ ಕೇಳಿ. ಆ ಮೊತ್ತವನ್ನು ಪ್ರತ್ಯೇಕ ಠೇವಣಿಯಾಗಿ ಇಡುವ ನಿರ್ಣಯವು ಬರುವ ಕಾರ್ಯಕಾರಿ ಸಮಿತಿಯ ನಡಾವಳಿ ಪುಸ್ತಕದಲ್ಲೇ ದಾಖಲಾಗಲಿ.